ಹರಗೋಲು ಹೊರಡುವ ಹೊತ್ತು

ಕೊಡೇಕಲ್ ದಾಟಿ ದಕ್ಷಿಣಕ್ಕೆ ಹೊರಟ ದಾರಿ ಮೊದಲು ಹತ್ತಿಯ ಹೊಲಗಳ ನಡುವೆ, ಆಮೇಲೆ ಕಾಲುವೆಯ ನೀರುಂಡು ಹಸಿರಾದ ಭತ್ತದ ಗದ್ದೆಗಳ ಬದಿಯಲ್ಲಿ, ಕೊನೆಗೆ ಎರಡೂ ಮಗ್ಗುಲಲ್ಲಿ ಬಳ್ಳಾರಿ ಜಾಲಿ ಹಬ್ಬಿದ ಕಲ್ಲುನೆಲದ ಮೇಲೆ ಸಾಗುತ್ತದೆ. ಡಾಂಬರು ಮುಗಿದು ಮೊರಂ ಬರುತ್ತದೆ, ಮೊರಂ ಮುಗಿದು ಬಂಡಿಜಾಡು ಬರುತ್ತದೆ, ಬಂಡಿಜಾಡೂ ಸಣ್ಣದಾಗಿ ಕಾಲುದಾರಿಯಾಗುವ ಹೊತ್ತಿಗೆ ಕೃಷ್ಣೆಯ ಸದ್ದು ಕಿವಿಗೆ ಬೀಳುತ್ತದೆ. ಹೊಳೆ ಇನ್ನೂ ಕಂಡಿರುವುದಿಲ್ಲ. ಬಂಡೆಗಳ ಸಂದಿಯಲ್ಲಿ ನುಗ್ಗುವ ನೀರಿನ ಒಂದೇ ಸಮನಾದ ಮೊರೆತ, ಅದರ ಮೇಲೆ ಆಗೊಮ್ಮೆ ಈಗೊಮ್ಮೆ ಟಿಟ್ಟಿಭದ ಕೂಗು, ಯಾರೋ ಯಾರನ್ನೋ ಆಚೆ ದಂಡೆಯಿಂದ ಕರೆಯುವ ಉದ್ದನೆಯ ‘ಏ...’. ಕಡೆಯ ತಿರುವಿನಲ್ಲಿ ಜಾಲಿಯ ಮರೆ ಸರಿದರೆ, ಬೆಳಗಿನ ಬಿಸಿಲಿಗೆ ಹೊಳೆಯುವ ಅಗಲವಾದ ನೀರು, ಅದರ ತುಂಬ ಕರಿ ಬಂಡೆಗಳು, ನಡುವೆ ಹಸಿರು ಹೊತ್ತ ಗಡ್ಡೆಗಳು.

ದಂಡೆಯಲ್ಲಿ ಒಂದು ಬೇವಿನ ಮರ. ಅದರ ಬುಡದಲ್ಲಿ ಬೋರಲು ಹಾಕಿದ ಮೂರು ಹರಗೋಲುಗಳು, ಬೆನ್ನಿಗೆ ಬಳಿದ ಡಾಂಬರು ಇನ್ನೂ ಪೂರ್ತಿ ಬಿಸಿಯಾಗದ ಬಿಸಿಲಿಗೇ ಮೆತ್ತಗಾಗಿ ವಾಸನೆ ಬಿಡುತ್ತಿದೆ. ಆ ವಾಸನೆಯ ಜತೆಗೆ ಕೆಸರಿನದು, ಒದ್ದೆ ಹಗ್ಗದ್ದು, ನಿನ್ನೆ ರಾತ್ರಿ ಹಿಡಿದು ಬಲೆಯಿಂದ ಬಿಡಿಸಿದ ಮೀನಿನದು. ಮರದ ಕೊಂಬೆಗೆ ಯಾರದೋ ಅಂಗಿ, ಯಾರದೋ ಬುತ್ತಿಗಂಟು ತೂಗುಬಿದ್ದಿದೆ. ಬೇವಿನ ನೆರಳು ಬಿದ್ದಷ್ಟು ಜಾಗವೇ ಇಲ್ಲಿನ ನಿಲ್ದಾಣ. ಇಲ್ಲಿ ಕಿಂಡಿಯಿಲ್ಲ, ಚೀಟಿಯಿಲ್ಲ, ಗಂಟೆಯಿಲ್ಲ. ಜನ ಕೂಡಿದಾಗ ಹರಗೋಲು ಹೊರಡುತ್ತದೆ.

ಅಂಬಿಗ ಅರವತ್ತರ ಮೇಲಿನವ. ಮೈಮೇಲೆ ಒಂದು ಬನಿಯನ್ನು, ಮೊಳಕಾಲ ಮೇಲೆ ಎತ್ತಿ ಕಟ್ಟಿದ ದೋತರ. ಹರಗೋಲನ್ನು ನೀರಿಗೆ ಇಳಿಸುವ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಾನೆ. ನಿಂತು ನೋಡುವುದಲ್ಲ, ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿ ನೋಡುತ್ತಾನೆ. ಡಾಂಬರು ಬಿರಿದ ಕಡೆ ಉಗುರಿನಿಂದ ಕೆರೆದು, ಪಕ್ಕದ ಡಬ್ಬಿಯಿಂದ ಒಂದು ಚೂರು ಮುದ್ದೆ ತೆಗೆದು, ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತಾನೆ. ಆ ಹೆಬ್ಬೆರಳಿನ ಉಗುರಿನ ಸುತ್ತ ಹತ್ತಿದ ಕಪ್ಪು ಯಾವ ಸೋಪಿಗೂ ಹೋಗುವಂಥದಲ್ಲ. ಆಮೇಲೆ ಅಂಚಿಗೆ ಕೈಹಾಕಿ ಒಂದೇ ಬೀಸಿಗೆ ಮಗುಚಿ, ತಲೆಯ ಮೇಲೆ ಹೊತ್ತುಕೊಂಡು ನೀರಿನ ಕಡೆ ನಡೆಯುತ್ತಾನೆ. ದೂರದಿಂದ ನೋಡುವವರಿಗೆ ಎರಡು ಕಾಲು ಮಾತ್ರ ಕಾಣುತ್ತವೆ.

ಅಷ್ಟರಲ್ಲಿ ಮರದ ಕೆಳಗೆ ಮಂದಿ ಸೇರಿರುತ್ತಾರೆ. ಗಡ್ಡೆಯ ಹೊಲಕ್ಕೆ ಕಳೆ ತೆಗೆಯಲು ಹೊರಟ ಹೆಂಗಸರು ನಾಲ್ಕೈದು ಮಂದಿ, ಸೆರಗಿನ ತುದಿಯಲ್ಲಿ ಕಳೆ ಕೀಳುವ ಕುರ್ಚಿಗಿ, ಬಿಳಿ ಬಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಬುತ್ತಿ. ಗೊಬ್ಬರದ ಚೀಲ ತಂದ ಒಬ್ಬ ರೈತ. ಎರಡು ಆಡು ಹಿಡಿದ ಹುಡುಗ. ಊರಿಗೆ ಬಂದು ಹಬ್ಬ ಮುಗಿಸಿ ಮತ್ತೆ ಮುಂಬಯಿಗೆ ದುಡಿಯಲು ಹೋಗಲಿರುವ ಒಬ್ಬ ತರುಣ, ಅಕ್ಕನನ್ನು ಮಾತಾಡಿಸಿ ಬರಲು ಆಚೆಗೆ ಹೊರಟವ. ಎಲ್ಲರ ಕಣ್ಣೂ ಅಂಬಿಗನ ಕೈಮೇಲೆ. ಆತ ಕೈ ಎತ್ತುವವರೆಗೂ ಯಾರೂ ಹತ್ತುವುದಿಲ್ಲ.

‘ಮೊದಲ ಚೀಲ ಇಡ್ರಿ, ನಡಕ ಇಡ್ರಿ. ಏ ಯವ್ವಾ, ನೀ ಆ ಕಡಿಗಿ ಕುಂದ್ರು. ತಮ್ಮಾ, ಆಡ ಬಗಲಾಗ ಹಿಡಕೊ, ಕೊರಳ ಬಿಗಿಬ್ಯಾಡ.’

‘ಕಾಕಾ, ಇನ್ನೊಬ್ಬಾಕಿ ಬರಾಕತ್ತಾಳ ನೋಡು, ಹಿಂದ.’

‘ಬರ್ಲಿ, ಮುಂದಿನ ಸರತಿಗಿ ಬರ್ಲಿ. ಹೊಳಿ ಎಲ್ಲಿ ಓಡಿಹೊಕ್ಕದ?’

ಹೀಗೆ ಹೇಳುತ್ತಲೇ ಆತ ತೂಕ ಮಾಡುತ್ತಿರುತ್ತಾನೆ. ಹರಗೋಲಿಗೆ ಮುಂಭಾಗ ಹಿಂಭಾಗ ಎಂಬುದಿಲ್ಲ. ಸುತ್ತ ಕೂತವರ ಭಾರ ಸಮನಾದರೆ ಅದು ನೀರಿನ ಮೇಲೆ ನೆಟ್ಟಗೆ ಕೂರುತ್ತದೆ, ಒಬ್ಬ ಎದ್ದು ನಿಂತರೆ ಇಡೀ ಹರಗೋಲು ಅವನ ಕಡೆಗೆ ವಾಲುತ್ತದೆ. ಆದ್ದರಿಂದ ಕೂತವರು ಕೂತಲ್ಲೇ. ಮೊಳಕಾಲು ಮಡಚಿ, ಒಬ್ಬರ ಬೆನ್ನಿಗೆ ಒಬ್ಬರ ಭುಜ ತಾಗಿಸಿ, ಕೈ ಒಳಗಿಟ್ಟುಕೊಂಡು ಕೂರುವ ಈ ರೀತಿಯನ್ನು ಇಲ್ಲಿನ ಮಕ್ಕಳು ನಡೆಯಲು ಕಲಿಯುವ ಹೊತ್ತಿಗೇ ಕಲಿತಿರುತ್ತಾರೆ.

ಹೊರಟ ಹರಗೋಲು ಎದುರು ದಂಡೆಗೆ ನೇರ ಹೋಗುವುದಿಲ್ಲ. ಅಂಬಿಗ ಮೊದಲು ಈಚೆ ದಂಡೆಯ ಗುಂಟವೇ, ಸೆಳವು ಕಡಿಮೆಯಿರುವ ಕಡೆ, ಹೊಳೆಯ ಮೇಲ್ಮುಖಕ್ಕೆ ಅದನ್ನು ಎಳೆದುಕೊಂಡು ಹೋಗುತ್ತಾನೆ. ಮೊಣಕಾಲುಮಟ್ಟದ ನೀರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಸಾಕಷ್ಟು ಮೇಲೆ ಬಂದಮೇಲೆ ಒಳಗೆ ಹಾರಿ, ಹುಟ್ಟನ್ನು ಎದುರಿಗೆ ನೀರಲ್ಲಿಳಿಸಿ ತನ್ನ ಕಡೆಗೆ ಎಳೆಯುತ್ತಾನೆ. ಇನ್ನೇನು ಗಿರ್ರನೆ ತಿರುಗಿಬಿಡುತ್ತದೆ ಅನ್ನಿಸುವ ಹರಗೋಲು ಆ ಎಳೆತಕ್ಕೆ ಒಂದಿಷ್ಟು ಎಡಕ್ಕೆ, ಮತ್ತೊಂದು ಎಳೆತಕ್ಕೆ ಒಂದಿಷ್ಟು ಬಲಕ್ಕೆ ಹೊರಳಿ ಮುಂದೆ ಸರಿಯುತ್ತದೆ. ಸೆಳವಿಗೆ ಸಿಕ್ಕ ಕೂಡಲೇ ಕೆಳಕ್ಕೆ ಜಾರತೊಡಗುತ್ತದೆ. ಜಾರಲೇಬೇಕು, ಆತನ ಲೆಕ್ಕದಲ್ಲಿ ಆ ಜಾರುವಿಕೆಯೂ ಸೇರಿದೆ. ಆಚೆ ದಂಡೆಯ ಯಾವ ಕಲ್ಲಿಗೆ ಮುಟ್ಟಬೇಕೆಂದು ಗೊತ್ತುಮಾಡಿಕೊಂಡೇ ಅಷ್ಟು ಮೇಲಿನಿಂದ ಬಿಟ್ಟಿರುತ್ತಾನೆ. ನಡುಹೊಳೆಯಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ತಳದ ತೆಳ್ಳನೆಯ ಹೊದಿಕೆಯ ಕೆಳಗೆ ನೀರು ಹಾಯುವುದು ಕೂತವರ ಪಾದಕ್ಕೆ ತಣ್ಣಗೆ ತಿಳಿಯುತ್ತದೆ. ಬಂಡೆಯೊಂದರ ಮೇಲೆ ರೆಕ್ಕೆ ಹರವಿ ಬಿಸಿಲಿಗೆ ನಿಂತ ನೀರುಕಾಗೆ ಇವರನ್ನು ನೋಡಿಯೂ ಏಳುವುದಿಲ್ಲ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಅವು ಮಲಗುವ ಮಳಲ ದಿಬ್ಬಗಳು ಅಂಬಿಗನಿಗೆ ಗೊತ್ತು, ಆ ಕಡೆಗೆ ಆತ ಹುಟ್ಟು ಹಾಕುವುದಿಲ್ಲ.

ಕೃಷ್ಣೆ ಇಲ್ಲಿ ಹೀಗೆ ಒಡೆದು ಹರಿಯಲು ನೆಲವೇ ಕಾರಣ. ನಾರಾಯಣಪುರದ ಕೆಳಗೆ, ಛಾಯಾ ಭಗವತಿಯ ಗುಡಿಯನ್ನು ದಾಟಿ ಜಲದುರ್ಗದತ್ತ ಸಾಗುವಾಗ, ದಖ್ಖನಿನ ಎತ್ತರದ ಬಯಲಿನಿಂದ ಸುರಪುರ, ರಾಯಚೂರಿನ ತಗ್ಗಿಗೆ ಹೊಳೆ ಬಂಡೆಯಿಂದ ಬಂಡೆಗೆ ಧುಮುಕುತ್ತ ಇಳಿಯುತ್ತದೆ. ಮೂರು ಮೈಲಿಯಷ್ಟು ದೂರದಲ್ಲಿ 400 ಅಡಿಗೂ ಮಿಕ್ಕಿ ಇಳಿಯುತ್ತದೆಂದು ಹೈದರಾಬಾದ್ ಸಂಸ್ಥಾನದ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಇಳಿದಮೇಲೆ ಕವಲಾಗಿ, ಮತ್ತೆ ಕೂಡಿ, ಮತ್ತೆ ಕವಲಾಗಿ, ಆ ಕವಲುಗಳ ನಡುವೆ ಗಡ್ಡೆಗಳನ್ನು ಬಿಟ್ಟುಕೊಂಡು ಮುಂದೆ ಹೋಗುತ್ತದೆ. ಜಲದುರ್ಗದ ಕೋಟೆ ನಿಂತಿರುವುದೇ ಅಂಥ ಒಂದು ನಡುಗಡ್ಡೆಯಲ್ಲಿ. ಕಕ್ಕೇರಾ ಸೀಮೆಯ ನೀಲಕಂಠರಾಯನಗಡ್ಡಿ ಇಂಥದೇ ಇನ್ನೊಂದು ಗಡ್ಡೆಯ ಮೇಲಿನ ಊರು. ಬಡಗಣ ದಂಡೆ ಯಾದಗಿರಿ ಜಿಲ್ಲೆಗೆ, ತೆಂಕಣ ದಂಡೆ ರಾಯಚೂರು ಜಿಲ್ಲೆಗೆ. ಗಡ್ಡೆಯ ಮಣ್ಣು ಮಾತ್ರ ಹೊಳೆ ತಂದು ಹಾಕಿದ್ದು, ಹಾಕಿದ್ದೆಲ್ಲ ಬೆಳೆಯುವಂಥದು. ಆ ಮಣ್ಣನ್ನು ನಂಬಿದವರಿಗೆ ಹೊಳೆ ದಾಟುವುದು ದಿನದ ಕೆಲಸ.

ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಕೊಡೇಕಲ್ಲಿನಲ್ಲಿ ನವಶಿಲಾಯುಗದ ಬೂದಿದಿಬ್ಬವೊಂದನ್ನು ಪುರಾತತ್ವಜ್ಞ ಕೆ. ಪದ್ದಯ್ಯ 1960ರ ದಶಕದಲ್ಲಿ ಅಗೆದು ನೋಡಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಕಟ್ಟಿಕೊಂಡು ಬಾಳಿದ ಜನರ ಗುರುತು ಅದು. ಅವರು ಹೊಳೆಯನ್ನು ಹೇಗೆ ದಾಟಿದರೋ, ಹರಗೋಲಿಗಂತೂ ವಯಸ್ಸು ಕಡಿಮೆಯಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಕಂಡದ್ದೂ ಇದನ್ನೇ. ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರುವಷ್ಟು ದೊಡ್ಡದು, ಕುದುರೆ ಎತ್ತುಗಳನ್ನೂ ದಾಟಿಸುವಂಥದು ಎಂದು ಆತ ವಿವರವಾಗಿ ಬರೆದಿದ್ದಾನೆ. ಐನೂರು ವರ್ಷದಲ್ಲಿ ಬದಲಾದದ್ದು ತೊಗಲು ಮಾತ್ರ.

ಅದು ಹೇಗೆ ಬದಲಾಗಿದೆ ಎಂಬುದನ್ನು ಮಧ್ಯಾಹ್ನದ ಹೊತ್ತು, ದಾಟುವವರು ಕಡಿಮೆಯಾಗಿ ಮರದ ಕೆಳಗೆ ಹೊಸ ಹರಗೋಲು ಹೆಣೆಯಲು ಕೂತಾಗ ನೋಡಬೇಕು. ಉದ್ದನೆಯ ಬಿದಿರನ್ನು ಸೀಳಿ, ಒಳಗಿನ ತಿರುಳು ಹೆರೆದು, ನೀರಲ್ಲಿ ನೆನೆಹಾಕಿದ ದಬ್ಬೆಗಳು ಒಂದು ಕಡೆ. ನೆಲದ ಮೇಲೆ ನಡುವಿನಿಂದ ಶುರುಮಾಡಿ, ಮೂರು ದಿಕ್ಕಿಗೆ ದಬ್ಬೆ ಹಾಯಿಸಿ, ಆರು ಮೂಲೆಯ ಕಣ್ಣುಗಳು ಬೀಳುವಂತೆ ಹೆಣೆಯುತ್ತಾರೆ. ಹೆಣಿಗೆ ಅಗಲವಾದಂತೆ ನಡುವೆ ಗುಂಡುಕಲ್ಲುಗಳನ್ನು ಹೇರುತ್ತಾರೆ, ಆ ಭಾರಕ್ಕೆ ತಳ ಕೂತು ಅಂಚು ಮೇಲೇಳುತ್ತದೆ. ಅಂಚಿಗೆ ನಾಲ್ಕೈದು ಸೀಳು ಸೇರಿಸಿ ಜಡೆಯಂತೆ ಬಿಗಿದ ಸುತ್ತು. ಹಿಂದೆ ಇದರ ಮೇಲೆ ಹದಮಾಡಿದ ಎತ್ತಿನದೋ ಎಮ್ಮೆಯದೋ ತೊಗಲು ಹೊದಿಸುತ್ತಿದ್ದರು. ಈಗ ಹೊದಿಸುವುದು ಗೊಬ್ಬರದ ಪ್ಲಾಸ್ಟಿಕ್ ಚೀಲ ಇಲ್ಲವೇ ತಾಡಪಾಲು, ಅದರ ಮೇಲೆ ಕಾಯಿಸಿದ ಡಾಂಬರು. ಮೀನುಗಾರಿಕೆ ಇಲಾಖೆ ಮೀನುಗಾರರಿಗೆ ಕೊಡುವ ಫೈಬರ್ ಹರಗೋಲುಗಳೂ ಬಂದಿವೆ. ಅವು ಬಾಳಿಕೆ ಬರುತ್ತವೆ, ನೀರು ಕುಡಿಯುವುದಿಲ್ಲ. ‘ಆದ್ರ ಕಲ್ಲಿಗಿ ಬಡದ್ರ ಸೀಳ್ತದ್ರಿ ಅದು. ಬಿದರಿಂದು ಬಗ್ತದ, ಬಗ್ಗಿ ಮತ್ತ ಎದ್ದು ನಿಂದರ್ತದ,’ ಎಂದು ಅಂಬಿಗ ಎರಡರ ಗುಣವನ್ನೂ ಹೇಳುತ್ತಾನೆ. ಕಲ್ಲುತುಂಬಿದ ಹೊಳೆಗೆ ಬಗ್ಗುವ ಬಿದಿರೇ ಸರಿ ಎಂದು ಅವನ ಅಪ್ಪ, ಅಜ್ಜ ಕಂಡುಕೊಂಡದ್ದನ್ನು ಅವನ ಕೈ ಇನ್ನೂ ನಂಬಿದೆ.

ಕೂಲಿಯ ವಿಷಯ ತೆಗೆದರೆ ಆತ ನಗುತ್ತಾನೆ. ಹೊರಗಿನವರು ರೊಕ್ಕ ಕೊಡುತ್ತಾರೆ. ದಿನಾ ದಾಟುವ ರೈತರು ಸುಗ್ಗಿಗೆ ಒಮ್ಮೆ ಜೋಳವನ್ನೋ ಭತ್ತವನ್ನೋ ಅಳೆದು ಹಾಕುತ್ತಾರೆ. ಶಾಲೆಯ ಮಕ್ಕಳನ್ನು ಕೇಳುವುದಿಲ್ಲ. ಹೆರಿಗೆಗೆ ಹೊರಟವಳನ್ನು, ಹಾವು ಕಚ್ಚಿದವನನ್ನು ಯಾವ ಹೊತ್ತಿನಲ್ಲಿ ಬಂದು ಕರೆದರೂ ಎದ್ದು ಹೋಗಬೇಕು, ಅದಕ್ಕೂ ಏನನ್ನೂ ಕೇಳುವಂತಿಲ್ಲ. ಇದನ್ನು ಯಾರೂ ಬರೆದು ಕೊಟ್ಟಿಲ್ಲ. ಹುಟ್ಟು ಹಿಡಿದವನು ಪಾಲಿಸುತ್ತಾನೆ, ಅಷ್ಟೆ.

ಇಷ್ಟು ಬಲ್ಲವನಿಗೂ ಹೊಳೆ ಈಗ ಪೂರ್ತಿ ತಿಳಿಯುತ್ತಿಲ್ಲ. ಅವನ ಎಳೆತನದಲ್ಲಿ ಹೊಳೆ ಬರುವ ಮುನ್ನ ಸೂಚನೆ ಕೊಡುತ್ತಿತ್ತಂತೆ. ಮೊದಲು ನೀರಿನ ಬಣ್ಣ ತಿರುಗುತ್ತಿತ್ತು, ಆಮೇಲೆ ನೊರೆ, ಕಡ್ಡಿ, ಒಣಗಿದ ಎಲೆ ತೇಲಿಬರುತ್ತಿದ್ದವು, ಆಮೇಲೆ ಏರುತ್ತಿತ್ತು. ಏರುವುದನ್ನು ತಿಳಿಯಲು ದಂಡೆಯ ಕಲ್ಲುಗಳಿದ್ದವು. ಈ ಕಲ್ಲಿನ ಕಾಲು ಮುಳುಗಿದರೆ ಹೆಂಗಸರು ಮಕ್ಕಳನ್ನು ಹತ್ತಿಸಬಾರದು, ಆ ಕರೀಬಂಡೆಯ ಸೊಂಟಕ್ಕೆ ನೀರು ಬಂದರೆ ಹರಗೋಲು ಬಿಚ್ಚಲೇಬಾರದು. 1982ರಲ್ಲಿ ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, ಮುಗಿದ ಮೇಲೆ ಲೆಕ್ಕ ಬೇರೆಯಾಯಿತು. ಕೂಡಲಸಂಗಮದ ಮೇಲಿನವರೆಗೂ ಹಿನ್ನೀರು ನಿಲ್ಲಿಸುವ ಆ ಕಟ್ಟೆಗೆ 30 ಗೇಟುಗಳು. ಅದರಲ್ಲಿ ಹಿಡಿಯುವುದು ಸುಮಾರು 33 ಟಿಎಂಸಿ ಅಡಿ ನೀರು, ಮೇಲಿನ ಆಲಮಟ್ಟಿಯಲ್ಲಿ 123. ಮಹಾಬಳೇಶ್ವರದ ಘಟ್ಟದಲ್ಲಿ, ಕೊಯ್ನಾ ಕಣಿವೆಯಲ್ಲಿ ಮಳೆ ಬಿದ್ದು ಆಲಮಟ್ಟಿ ತುಂಬಿದರೆ ಅಲ್ಲಿಂದ ಬಿಟ್ಟದ್ದು ನಾರಾಯಣಪುರಕ್ಕೆ, ನಾರಾಯಣಪುರ ತುಂಬಿದರೆ ಅಲ್ಲಿಂದ ಬಿಟ್ಟದ್ದು ನೇರ ಈ ಬೇವಿನ ಮರದ ಬುಡಕ್ಕೆ. ಇಲ್ಲಿ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಹೊಳೆ ಮಾತ್ರ ಏರುತ್ತಿರುತ್ತದೆ. ಮುಗಿಲು ನೋಡಿ ಹೊಳೆ ತಿಳಿಯುತ್ತಿದ್ದವನಿಗೆ ಈಗ ಗೇಟು ತಿಳಿಯಬೇಕು.

ಗೇಟಿನ ಸುದ್ದಿ ಬರುವುದಿಲ್ಲವೆಂದಲ್ಲ. ನೀರು ಬಿಡುವ ಮೊದಲು ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ, ಪೇಪರಿನಲ್ಲಿ, ಮೊಬೈಲಿನಲ್ಲಿ ಬರುತ್ತದೆ. ಬರುವುದು ಕ್ಯುಸೆಕ್ ಲೆಕ್ಕದಲ್ಲಿ. ಒಂದು ಲಕ್ಷ, ಒಂದೂವರೆ ಲಕ್ಷ, ಎರಡು ಲಕ್ಷ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು ಎಂಬುದು ಎಂಜಿನಿಯರರ ಅಳತೆ. ಅಂಬಿಗನ ಅಳತೆ ಕಲ್ಲು. ಬೆಳಿಗ್ಗೆ ಮೊಬೈಲನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ ಆತ ಅದನ್ನು ತರುಣನ ಕೈಗೆ ಕೊಟ್ಟು ಹೇಳಿದ: ‘ಎಷ್ಟು ಲಕ್ಷ ಅಂತ ಹೇಳಬ್ಯಾಡ್ರಿ ನನಗ. ಯಾ ಬಂಡಿ ಮುಣುಗ್ತದ, ಎಷ್ಟೊತ್ತಿಗಿ ಮುಣುಗ್ತದ, ಅಷ್ಟ ಹೇಳ್ರಿ. ಉಳದದ್ದು ನಾ ನೋಡ್ಕೋತೀನಿ.’

ಈ ಮಾತಿನ ತೂಕ ತಿಳಿಯಬೇಕಾದರೆ ಹೊಳೆ ತುಂಬಿದ ವರ್ಷಗಳನ್ನು ನೆನೆಯಬೇಕು. 2014ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ಸುತ್ತ ನೀರು ಏರಿ ಹರಗೋಲು ನಿಂತಾಗ, ಇಪ್ಪತ್ತೆರಡರ ಹರೆಯದ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಆಸರೆಯಲ್ಲಿ, ಉಕ್ಕುವ ಕೃಷ್ಣೆಯನ್ನು ಈಜಿ ಕಕ್ಕೇರಾದ ಕಡೆ ಸೇರಿದಳು. ಹೆರಿಗೆ ಗಡ್ಡೆಯಲ್ಲಾಗದೆ ಆಸ್ಪತ್ರೆಯಲ್ಲಾಗಲಿ ಎಂಬುದೊಂದೇ ಅವಳ ಹಂಬಲ. ಸುದ್ದಿ ದೇಶದ ಆಚೆಗೂ ಹೋಯಿತು. ಅದನ್ನು ಧೈರ್ಯದ ಕಥೆಯಾಗಿ ಹೇಳಿದವರು ಬಹಳ. ಅವಳು ಧೈರ್ಯಗಾತಿಯೇ. ಆದರೆ ಹಡೆಯುವ ಹೆಣ್ಣಿಗೆ ಅಷ್ಟು ಧೈರ್ಯ ಬೇಕಾಗಬಾರದಿತ್ತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು ಆರು ಲಕ್ಷ ಕ್ಯುಸೆಕ್ ಮುಟ್ಟಿತು, ಗಡ್ಡೆಯ ಬೆಳೆಗಳು ಕೊಳೆತವು. ಮರುವರ್ಷದ ಆಗಸ್ಟ್‌ನಲ್ಲಿ ಕೆಳಗೆ ರಾಯಚೂರು ತಾಲ್ಲೂಕಿನ ಕುರ್ವಕುರ್ದಾ ನಡುಗಡ್ಡೆಯ ಜನ ಸಂತೆ ಮುಗಿಸಿ ಮರಳುವಾಗ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಸೇತುವೆಗಳಿದ್ದ ಕಡೆಯೂ ನೆಮ್ಮದಿ ಪೂರ್ತಿಯಿಲ್ಲ. ಲಿಂಗಸುಗೂರು ಕಡೆಯ ಶೀಲಹಳ್ಳಿಯ ಸೇತುವೆ, ಯಾದಗಿರಿ ರಾಯಚೂರುಗಳನ್ನು ಜೋಡಿಸುವ ಕೊಳ್ಳೂರಿನ ಸೇತುವೆ ದೊಡ್ಡ ನೀರಿಗೆ ಮುಳುಗುತ್ತಲೇ ಬಂದಿವೆ.

ಮುಂಬಯಿಯ ತರುಣ ಸಂಜೆಯ ಸರತಿಗೆ ಅಕ್ಕನ ಮನೆಯಿಂದ ಮರಳಿ ಬಂದ. ಮರದ ಕೆಳಗೆ ಕೂತಾಗ ಅವನು ಮುಂಬಯಿಯ ದೋಣಿಕಟ್ಟೆಯಾದ ಭಾವುಚಾ ಧಕ್ಕೆಯ ಮಾತು ತೆಗೆದ. ಉರಣದ ಕಡೆ ಕೆಲಸವಿದ್ದಾಗ ಅಲ್ಲಿಂದ ಮೋರಾ ಬಂದರಿಗೆ ಲಾಂಚಿನಲ್ಲಿ ಹೋಗಿಬರುತ್ತಿದ್ದನಂತೆ. ಅಲ್ಲಿ ಟಿಕೆಟ್ ಕೊಡುವ ಕಿಂಡಿ, ಲಾಂಚು ಬಿಡುವ ಹೊತ್ತಿನ ಫಲಕ, ಮಳೆ ಬಂದರೆ ನಿಲ್ಲಲು ಸೂರು. ಸಮುದ್ರದ ನೀರು ಇಳಿದಾಗ ಬೋಟು ಇಲ್ಲ ಎಂದು ಮುಂಚೆಯೇ ಹೇಳುತ್ತಾರೆ, ಜನ ಅದಕ್ಕೆ ತಕ್ಕಂತೆ ಬರುತ್ತಾರೆ. ನಮ್ಮ ನಾಡಿನಲ್ಲೇ ಮಂಗಳೂರಿನ ಹಳೇ ಬಂದರಿನಿಂದ ಫಲ್ಗುಣಿ ಹೊಳೆ ದಾಟಿ ಬೆಂಗ್ರೆಗೆ ದಿನವಿಡೀ ದೋಣಿಗಳು ಓಡಾಡುತ್ತವೆ, ಶಾಲೆಯ ಮಕ್ಕಳು, ಮೀನು ಮಾರುವ ಹೆಂಗಸರು, ಕಚೇರಿಗೆ ಹೋಗುವವರು ಅದನ್ನೇ ನಂಬಿದ್ದಾರೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ವಾಟರ್ ಮೆಟ್ರೊ ಬಂದಿದೆ. ಹಿನ್ನೀರಿನ ಹತ್ತು ದ್ವೀಪಗಳನ್ನು ಊರಿಗೆ ಜೋಡಿಸುವ ಯೋಜನೆ ಅದು. ನೀರು ಏರಿದರೆ ತಾನೂ ಏರುವ, ಇಳಿದರೆ ತಾನೂ ಇಳಿಯುವ ತೇಲುಕಟ್ಟೆಗಳನ್ನು ಅಲ್ಲಿ ಕಟ್ಟಿದ್ದಾರೆ. ಗಾಲಿಕುರ್ಚಿಯಲ್ಲಿ ಬಂದವರೂ ಯಾರ ಕೈ ಹಿಡಿಯದೆ ಬೋಟಿನೊಳಗೆ ಹೋಗುತ್ತಾರೆ. ದ್ವೀಪದವರೂ ಊರಿನವರಷ್ಟೇ ಹಕ್ಕಿನವರು ಎಂದು ತಿಳಿದು ಮಾಡಿದ ಕೆಲಸ ಅದು.

ಕೊಚ್ಚಿಯಷ್ಟು ರೊಕ್ಕ ಈ ಬೇವಿನ ಮರ ಕೇಳುವುದಿಲ್ಲ. ಕೇಳುವುದನ್ನು ಎಣಿಸಿ ಹೇಳಬಹುದು. ಮಳೆ ಬಿಸಿಲಿಗೆ ಒಂದು ಸೂರು. ಬಸುರಿಯೊಬ್ಬಳು ಜಾರದೆ ಇಳಿಯುವಂಥ ನಾಲ್ಕು ಮೆಟ್ಟಿಲು. ಹತ್ತಿದವರಿಗೆಲ್ಲ ತೇಲುಡುಪು, ಹುಟ್ಟು ಹಿಡಿದವನಿಗೆ ತಿಂಗಳಿಗೆ ಇಂತಿಷ್ಟು ಎಂಬ ಗೌರವಧನ. ಮಳೆಗಾಲ ಶುರುವಾಗುವ ಮೊದಲೇ, ದಿನ ತುಂಬುವ ಹೆಂಗಸರನ್ನು ದಂಡೆಯ ಈಚೆಗೆ ಕರೆತಂದು ಇರಿಸಿಕೊಳ್ಳುವ ಏರ್ಪಾಡು. ಹೊಳೆ ಮುಳುಗಿಸದಷ್ಟು ಎತ್ತರದ ಸೇತುವೆ ಆಗಬೇಕಾದಲ್ಲಿ ಆಗಲೇಬೇಕು. ಅದು ಆಗುವವರೆಗೂ, ಆದಮೇಲೂ, ಹೊಲಕ್ಕೆ ಹೋಗುವವರಿಗೆ, ಮೀನು ಹಿಡಿಯುವವರಿಗೆ ಹರಗೋಲು ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಮೊದಲು ಆಗಬಹುದಾದದ್ದು ಅಂಬಿಗ ಕೇಳಿದ ಆ ಒಂದು ಕೆಲಸ. ಎಂಜಿನಿಯರರು ಒಂದು ಮಳೆಗಾಲ ಈ ದಂಡೆಗಳಿಗೆ ಬಂದು, ಗೇಟಿನಿಂದ ಇಷ್ಟು ನೀರು ಬಿಟ್ಟ ಎಷ್ಟು ತಾಸಿಗೆ ಇಲ್ಲಿ ಎಷ್ಟು ಏರುತ್ತದೆಂದು ಅಂಬಿಗರ ಜತೆ ಕೂತು ಅಳೆಯಲಿ. ಅಳೆದದ್ದನ್ನು ಅವರು ಬಲ್ಲ ಬಂಡೆಗಳ ಮೇಲೇ ಬಣ್ಣದಲ್ಲಿ ಬರೆಯಲಿ. ಹಸಿರು ಗೆರೆಯವರೆಗೆ ಎಲ್ಲರೂ ದಾಟಬಹುದು, ಹಳದಿಗೆ ಬಂದರೆ ಗಟ್ಟಿಗರು ಮಾತ್ರ, ಕೆಂಪಿಗೆ ಬಂದರೆ ಹರಗೋಲು ಮರಕ್ಕೆ ಕಟ್ಟಬೇಕು. ನೀರು ಬಿಡುವ ಸುದ್ದಿಯೂ ಅದೇ ಮಾತಿನಲ್ಲಿ ಬರಲಿ: ಇಂದು ಸಂಜೆ ಆರಕ್ಕೆ ನಿಮ್ಮ ದಂಡೆಯಲ್ಲಿ ಹಳದಿ ಗೆರೆ ಮುಳುಗುತ್ತದೆ. ಇಷ್ಟು ಹೇಳಿದರೆ ಅಂಬಿಗನಿಗೆ ಸಾಕು. ಯಾರನ್ನು ಯಾವಾಗ ದಾಟಿಸಬೇಕು, ಯಾರನ್ನು ತಡೆಯಬೇಕು ಎಂಬುದು ಅವನಿಗೆ ಗೊತ್ತಿದೆ. ಪಟ್ಟಣದ ಧಕ್ಕೆಯಲ್ಲಿ ಬೋಟು ಬಿಡುವ ಹೊತ್ತನ್ನು ಫಲಕದಲ್ಲಿ ಬರೆದು ಹಾಕುವುದು ಜನರ ಮೇಲೆ ತೋರುವ ದಯೆಯಲ್ಲ, ಅವರಿಗೆ ಸಲ್ಲಬೇಕಾದದ್ದು. ಕೃಷ್ಣೆಯ ಗಡ್ಡೆಗಳ ಜನರಿಗೆ ಗೇಟು ಎತ್ತುವ ಹೊತ್ತೇ ಆ ಫಲಕ. ಅದನ್ನು ಅವರ ಅಳತೆಯಲ್ಲಿ, ಹೊಳೆ ಏರುವ ಮೊದಲು, ಹರಗೋಲು ಕಟ್ಟಿದ ಮರದವರೆಗೆ ಮುಟ್ಟಿಸುವುದು ಗೇಟಿನ ಗುಂಡಿ ಒತ್ತುವವರ ಕೆಲಸದ ಅರ್ಧಭಾಗ.